ಅರಳು ಮರಳಿಗೆ ಮಿದುಳಿನ ಬುಡದಲ್ಲಿ ಬೇರು

'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆಯನ್ನು ಕಟ್ಟಿದವರು ಮುದುಕರಂತೂ ಅಲ್ಲ. ಮುದುಕರೊಡನೆ ಏಗಿ ಬೇಸತ್ತವರೇ ಇರಬೇಕು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲಿ ಈ ಮಾತು ಕೇಳದ ಓಣಿಯಿಲ್ಲ. ಚಾಳೀಸನ್ನು ಹಣೆಯ ಮೇಲೇ ಏರಿಸಿಕೊಂಡು ಮನೆಯೆಲ್ಲ ಹುಡುಕಿದರೂ ಅರಳು ಮರಳು, ಐವತ್ತು ವರ್ಷ ತಿರುಗಾಡಿದ ಹೊಲದ ದಾರಿ ತಪ್ಪಿ ಪಕ್ಕದ ಊರಿನ ಬಸ್ ನಿಲ್ದಾಣದಲ್ಲಿ ಕೂತರೂ ಅರಳು ಮರಳು. ಮೊದಲನೆಯದು ಯಾರಿಗಾದರೂ ಆಗುವ ಮರೆವು. ಎರಡನೆಯದು ರೋಗ. ಎರಡಕ್ಕೂ ಒಂದೇ ಹೆಸರಿಟ್ಟದ್ದರಿಂದ ಆದ ಅನ್ಯಾಯ ಸಣ್ಣದಲ್ಲ.

ಆ ಅನ್ಯಾಯ ಹೆಚ್ಚಾಗಿ ಮನೆಯ ಸೊಸೆಯ ತಲೆಯ ಮೇಲೆ ಬೀಳುತ್ತದೆ. ಜೋಳದ ರೊಟ್ಟಿ, ಪಲ್ಯ ಉಂಡು ಕೈ ತೊಳೆದು ಅರ್ಧ ತಾಸೂ ಆಗಿರುವುದಿಲ್ಲ, ಮುದುಕಿ ಕಟ್ಟೆಗೆ ಬಂದು ಕೂತು ಹಸಿವೆಯೆಂದು ಅಳತೊಡಗುತ್ತಾಳೆ. "ಅತ್ತೀ, ಈಗರೆ ಉಂಡೀರಲ್ರೀ" ಎಂದು ಸೊಸೆ ಹೇಳಿದರೆ, "ಎಲ್ಲಿ ಉಂಡೀನಿ? ಮುಂಜಾನಿಂದ ನನಗ ಯಾರೂ ರೊಟ್ಟಿ ಕೊಟ್ಟಿಲ್ಲ" ಎಂಬ ಉತ್ತರ. ಮುದುಕಿ ಸುಳ್ಳು ಹೇಳುತ್ತಿಲ್ಲ. ಸೊಸೆಯೂ ಸುಳ್ಳು ಹೇಳುತ್ತಿಲ್ಲ. ಆದರೆ ಕೇಳಿಸಿಕೊಂಡ ಓಣಿ ಒಬ್ಬರ ಪಕ್ಷ ಹಿಡಿಯಲೇಬೇಕಲ್ಲ! ಅದೇ ಮುದುಕಿ ಮರುಗಳಿಗೆಯಲ್ಲಿ ತನ್ನ ಮದುವೆಗೆ ಯಾವ ಯಾವ ಊರಿನಿಂದ ಎಷ್ಟು ಬಂಡಿ ಬಂದಿದ್ದವೆಂದು ಲೆಕ್ಕ ಒಪ್ಪಿಸುತ್ತಾಳೆ, ಬೀಸುವ ಕಲ್ಲಿನ ಪದವನ್ನು ಒಂದು ನುಡಿಯೂ ಬಿಡದಂತೆ ಹಾಡುತ್ತಾಳೆ. ಅರವತ್ತು ವರ್ಷದ ಹಿಂದಿನದು ನೆನಪಿರುವವಳಿಗೆ ಅರ್ಧ ತಾಸಿನ ಹಿಂದಿನದು ಹೇಗೆ ಮರೆತೀತು, ಇದು ಬರೀ ನಾಟಕ ಎಂದು ಬಂಧುಗಳು ತೀರ್ಮಾನಿಸುತ್ತಾರೆ. ನಾಟಕವಲ್ಲ. ಅದಕ್ಕೆ ಕಾರಣವಾದ ಒಂದು ಕೋಶಸಮೂಹ ಮಿದುಳಿನ ತಳಭಾಗದಲ್ಲಿ, ಕಣ್ಣುಗಳ ಹಿಂದೆ ಒಳಗಡೆ, ಅಡಗಿ ಕೂತಿದೆ.

ಈ ರೋಗಕ್ಕೆ ಹೆಸರು ಕೊಟ್ಟವನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್. 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಆಗಸ್ಟೆ ಡೆಟರ್ ಎಂಬ 51 ವರ್ಷದ ಹೆಂಗಸನ್ನು ಕರೆತಂದರು. ಗಂಡನ ಹೆಸರು ಕೇಳಿದರೆ ಆಕೆ ತನ್ನ ಹೆಸರನ್ನೇ ಹೇಳುತ್ತಿದ್ದಳು. 1906ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಮಿದುಳನ್ನು ಸೂಕ್ಷ್ಮದರ್ಶಕದಡಿ ನೋಡಿದ ಆಲ್ಜೈಮರ್‌ಗೆ ಎರಡು ವಿಕಾರಗಳು ಕಂಡವು: ನರಕೋಶಗಳ ನಡುವೆ ಕುಳಿತ ಗಸಿಯಂಥ ಗಂಟುಗಳು, ಕೋಶಗಳೊಳಗೆ ಸಿಕ್ಕುಬಿದ್ದ ಎಳೆಗಳು. ಗಂಟುಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು, ಎಳೆಗಳು ಟೌ ಎಂಬ ಪ್ರೋಟೀನಿನವು ಎಂದು ತಿಳಿಯಲು ಮುಂದೆ ಎಂಟು ದಶಕಗಳೇ ಬೇಕಾದವು. ಇವೆರಡರ ಕಥೆ ಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಮೂರನೆಯ ವಿಕಾರದ ಕಥೆ ಅಷ್ಟಾಗಿ ಬಂದಿಲ್ಲ. ಆದರೆ ಇಂದು ಔಷಧದ ಅಂಗಡಿಯಲ್ಲಿ ಈ ರೋಗಕ್ಕೆ ಸಿಗುವ ಗುಳಿಗೆಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಅದರಿಂದಲೇ.

ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕಗಳ ಮೂಲಕ. ಇದನ್ನು ಮೊದಲು ತೋರಿಸಿಕೊಟ್ಟವನು ಆಸ್ಟ್ರಿಯಾದ ಗ್ರಾಝ್ ನಗರದ ಓಟೋ ಲೋವಿ. ಅವನ ಪ್ರಯೋಗದ ಕಥೆಯೇ ಸೊಗಸು. ಒಂದು ರಾತ್ರಿ ಕನಸಿನಲ್ಲಿ ಪ್ರಯೋಗದ ಯುಕ್ತಿ ಹೊಳೆಯಿತು. ಎದ್ದು ಚೀಟಿಯಲ್ಲಿ ಗೀಚಿ ಮಲಗಿದ. ಬೆಳಗ್ಗೆ ನೋಡಿದರೆ ತನ್ನ ಅಕ್ಷರ ತನಗೇ ಓದಲು ಬರಲಿಲ್ಲ, ಕನಸೂ ನೆನಪಾಗಲಿಲ್ಲ. ಮರುರಾತ್ರಿ ಮೂರು ಗಂಟೆಗೆ ಅದೇ ಕನಸು ಬಿದ್ದಾಗ ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಾಲಯಕ್ಕೆ ನಡೆದ. ಒಂದು ಕಪ್ಪೆಯ ಹೃದಯದ ನರವನ್ನು ಕೆರಳಿಸಿ ಅದರ ಬಡಿತ ನಿಧಾನವಾದಾಗ, ಸುತ್ತಲಿನ ದ್ರವವನ್ನು ತೆಗೆದು ಮತ್ತೊಂದು ಕಪ್ಪೆಯ ಹೃದಯಕ್ಕೆ ಹಾಕಿದ. ನರವೇ ಇಲ್ಲದ ಆ ಹೃದಯವೂ ನಿಧಾನವಾಯಿತು! 1921ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಕೈಗೆ ಸಿಕ್ಕ ವಸ್ತುವೇ ಅಸಿಟೈಲ್‌ಕೋಲಿನ್. ಲೋವಿಗೂ ಇಂಗ್ಲೆಂಡಿನ ಹೆನ್ರಿ ಡೇಲ್‌ಗೂ 1936ರಲ್ಲಿ ನೊಬೆಲ್ ಪಾರಿತೋಷಕ ಬಂತು. ನೆನಪಿಗೆ ಬೇಕಾದ ರಾಸಾಯನಿಕವನ್ನು ಕಂಡುಹಿಡಿದವನು ಅದರ ಉಪಾಯವನ್ನೇ ಒಮ್ಮೆ ಮರೆತಿದ್ದ ಎಂಬುದು ವಿಜ್ಞಾನದ ಇತಿಹಾಸದ ಒಂದು ತಮಾಷೆ.

ಹೃದಯದಲ್ಲಿ ಲಗಾಮಿನಂತೆ ಕೆಲಸ ಮಾಡುವ ಈ ವಸ್ತು ಮಿದುಳಿನಲ್ಲಿ ಮಾಡುವ ಕೆಲಸ ಬೇರೆ. ಅಲ್ಲಿ ಅದು ಗಮನವನ್ನು ಎಚ್ಚರವಾಗಿಡುತ್ತದೆ, ಹೊಸದಾಗಿ ಕಂಡಿದ್ದು ಕೇಳಿದ್ದು ಅಚ್ಚೊತ್ತುವಂತೆ ನೆಲವನ್ನು ಹದ ಮಾಡುತ್ತದೆ. ಇದನ್ನು ತಯಾರಿಸಿ ಹಂಚುವ ಕೋಶಗಳಿಗೆ ಕೋಲಿನರ್ಜಿಕ್ ನರಕೋಶಗಳೆಂದು ಹೆಸರು. ಮಿದುಳಿನ ಹೊರಪದರಕ್ಕೆ ಇದನ್ನು ಹಂಚುವ ಮುಖ್ಯ ಸಮೂಹವನ್ನು 1872ರಲ್ಲಿ ವಿಯೆನ್ನಾದ ಥಿಯೋಡರ್ ಮೈನರ್ಟ್ ವರ್ಣಿಸಿದ್ದ. ಆತನ ಹೆಸರಿನಲ್ಲೇ ಅದನ್ನು 'ಮೈನರ್ಟ್ ಕೇಂದ್ರ' ಎನ್ನಬಹುದು. ಅದರ ನೆರೆಯ ಪುಟ್ಟ ಗುಂಪುಗಳು ಹೊಸ ನೆನಪುಗಳು ದಾಖಲಾಗುವ ಹಿಪ್ಪೊಕ್ಯಾಂಪಸ್ ಭಾಗಕ್ಕೆ ಇದೇ ವಸ್ತುವನ್ನು ಪೂರೈಸುತ್ತವೆ.

ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಮೈನರ್ಟ್ ಕೇಂದ್ರದಲ್ಲಿ ಎಡಬಲ ಎರಡೂ ಸೇರಿ ನಾಲ್ಕು ಲಕ್ಷದ ಆಸುಪಾಸು. ಇಷ್ಟು ಚಿಕ್ಕ ಗುಂಪು ಇಡೀ ಹೊರಪದರಕ್ಕೆ ಹೇಗೆ ಸಾಲುತ್ತದೆ? ವಿಜಯಪುರ ಜಿಲ್ಲೆಯ ರೈತರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ನಾರಾಯಣಪುರ ಎಡದಂಡೆ ಕಾಲುವೆಯಿಂದ ಇಂಡಿ ಶಾಖಾ ಕಾಲುವೆ, ಅದರಿಂದ ವಿತರಣಾ ಕಾಲುವೆ, ಅದರಿಂದ ಹೊಲಗಾಲುವೆ; ಹೀಗೆ ತಲೆಯಲ್ಲಿ ಒಂದೇ ತೂಬು, ಬಾಲದಲ್ಲಿ ಸಾವಿರ ಹೊಲ. ಮೈನರ್ಟ್ ಕೇಂದ್ರದ ಒಂದೊಂದು ಕೋಶವೂ ಹೀಗೆಯೇ ಕವಲೊಡೆಯುತ್ತದೆ. ಇಲಿಯ ಮಿದುಳಿನಲ್ಲಿ ಒಂದು ಕೋಶದ ಕವಲುಗಳನ್ನೆಲ್ಲ ಅಳೆದು, ಅದರ ಆಧಾರದಿಂದ ಮನುಷ್ಯನಲ್ಲಿ ಒಂದೇ ಕೋಶದ ಕವಲುಗಳ ಒಟ್ಟು ಉದ್ದ ಸುಮಾರು 100 ಮೀಟರು ಇರಬೇಕೆಂದು 2014ರಲ್ಲಿ ಅಮೆರಿಕದ ವಿಜ್ಞಾನಿಗಳು ಲೆಕ್ಕ ಹಾಕಿದರು. ಕಣ್ಣಿಗೆ ಕಾಣದ ಒಂದು ಕೋಶ ಇಷ್ಟುದ್ದದ ಕಾಲುವೆಗೆ ದಿನವೂ ಅನ್ನ, ರಿಪೇರಿ ಒದಗಿಸಬೇಕು. ಅದು ಬೇರೆ ಕೋಶಗಳಿಗಿಂತ ಬೇಗ ಸೊರಗಿದರೆ ಆಶ್ಚರ್ಯವೇನು?

ಸೊರಗುತ್ತದೆ ಎಂಬುದು ಗೊತ್ತಾದದ್ದು 1970ರ ದಶಕದಲ್ಲಿ. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪೀಟರ್ ಡೇವಿಸ್ ಮತ್ತು ಮಲೋನಿ 1976ರಲ್ಲಿ, ತೀರಿಕೊಂಡ ರೋಗಿಗಳ ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ತಯಾರಿಸುವ ಕಿಣ್ವ ತೀರ ಕಡಿಮೆಯಾಗಿದೆ ಎಂದು ತೋರಿಸಿದರು. ಬ್ರಿಟನ್ನಿನ ಬೇರೆ ಪ್ರಯೋಗಾಲಯಗಳೂ ಅದೇ ಹೊತ್ತಿಗೆ ಅದೇ ಮಾತು ಹೇಳಿದವು. ಹೊಲ ಒಣಗಿದೆ ಎಂದಾಯಿತು. ತೂಬು ಹೇಗಿದೆ ನೋಡಬೇಡವೇ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈಟ್‌ಹೌಸ್, ಪ್ರೈಸ್ ಮೊದಲಾದವರು 1981-82ರಲ್ಲಿ ಮೈನರ್ಟ್ ಕೇಂದ್ರದ ಕೋಶಗಳನ್ನೇ ಎಣಿಸಿದರು. ರೋಗಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲಿಗಿಂತ ಹೆಚ್ಚು ಕೋಶಗಳು ಸತ್ತುಹೋಗಿದ್ದವು.

ಇಷ್ಟಾದ ಮೇಲೆ ಮುದುಕಿಯ ಊಟದ ಒಗಟು ಬಿಡಿಸಲು ಬರುತ್ತದೆ. ಮದುವೆಯ ಬಂಡಿಗಳೂ ಬೀಸುವ ಪದಗಳೂ ನೀರು ಸಮೃದ್ಧವಾಗಿದ್ದಾಗ ಬೆಳೆದು ಕಣಜ ಸೇರಿದ ಧಾನ್ಯ. ಹಿಪ್ಪೊಕ್ಯಾಂಪಸ್ ಹಾಳಾಗಿ, ಅದಕ್ಕೆ ಬರುವ ನೀರೂ ಬತ್ತಿದ ಮೇಲೆ ಬಿತ್ತಿದ್ದು ಇವತ್ತಿನ ರೊಟ್ಟಿ. ಅದು ಮೊಳೆಯಲೇ ಇಲ್ಲ. ಆಕೆ ಊಟವನ್ನು ಮರೆತಳು ಎನ್ನುವುದಕ್ಕಿಂತ ಊಟ ಆಕೆಯಲ್ಲಿ ದಾಖಲೇ ಆಗಲಿಲ್ಲ ಎನ್ನುವುದು ಸರಿ. ಹೀಗಾಗಿ 'ಸ್ವಲ್ಪ ಯೋಚನೆ ಮಾಡಿ ನೋಡ್ರಿ' ಎಂದು ಒತ್ತಾಯಿಸಿ ಪ್ರಯೋಜನವಿಲ್ಲ, ಗದರಿದರಂತೂ ಗದರಿದ ಬೇಸರವೊಂದೇ ಉಳಿಯುತ್ತದೆ. ಕಣಜವೂ ಕೊನೆಯವರೆಗೆ ಉಳಿಯುವುದಿಲ್ಲ. ರೋಗ ಮುಂದುವರಿದಂತೆ ಹೊರಪದರವೇ ಸವೆದು ಮಕ್ಕಳ ಹೆಸರೂ ಹೋಗುತ್ತದೆ.

ಅಸಿಟೈಲ್‌ಕೋಲಿನ್ ಎಂಬ ಹೆಸರು ಕೇಳದವರೂ ಈ ನಾಲ್ಕು ತಾಲೂಕುಗಳಲ್ಲಿ ಅದರ ಏರುಪೇರನ್ನು ಕಣ್ಣಾರೆ ಕಂಡಿದ್ದಾರೆ. ತಿಪ್ಪೆಯ ಬದಿಗೆ, ಹಾದಿಯ ಪಕ್ಕಕ್ಕೆ ಬಿಳಿ ತುತ್ತೂರಿಯಂಥ ಹೂ ಬಿಟ್ಟು, ಮುಳ್ಳಿನ ಕಾಯಿ ಹೊತ್ತು ನಿಲ್ಲುವ ಮದಗುಣಕಿ ಗಿಡವನ್ನು ನೆನೆಯಿರಿ. ಅದಕ್ಕೆ ಉಮ್ಮತ್ತಿ ಎಂದೂ ಹೆಸರು. ಉನ್ಮತ್ತ ಎಂಬ ಸಂಸ್ಕೃತ ಶಬ್ದದ ತದ್ಭವ. ಬೀಜ ಹೊಟ್ಟೆಗೆ ಹೋದರೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಮನುಷ್ಯ ಇಲ್ಲದ್ದನ್ನು ಕಂಡು ಬಡಬಡಿಸುತ್ತಾನೆ, ಇಳಿದ ಮೇಲೆ ಏನಾಯಿತೆಂಬ ನೆನಪೂ ಇರುವುದಿಲ್ಲ. ಅದರಲ್ಲಿರುವ ಸ್ಕೋಪೊಲಮಿನ್, ಅಟ್ರೋಪಿನ್‌ಗಳು ಅಸಿಟೈಲ್‌ಕೋಲಿನ್ ಕೂರಬೇಕಾದ ಜಾಗದಲ್ಲಿ ತಾವು ಕೂತು ಅದನ್ನು ಹೊರಗೆ ನಿಲ್ಲಿಸುತ್ತವೆ. 1974ರಲ್ಲಿ ಡ್ರಾಕ್‌ಮನ್ ಮತ್ತು ಲೆವಿಟ್ ಎಂಬವರು ಆರೋಗ್ಯವಂತ ತರುಣರಿಗೆ ಸ್ಕೋಪೊಲಮಿನ್ ಕೊಟ್ಟು ನೆನಪಿನ ಪರೀಕ್ಷೆ ಮಾಡಿದರು. ತರುಣರ ಅಂಕಗಳು ಕೆಲವು ತಾಸಿನ ಮಟ್ಟಿಗೆ ಮುದುಕರ ಅಂಕಗಳಂತಾದವು. ಮದಗುಣಕಿಗೆ ಉಮ್ಮತ್ತಿ ಎಂದು ಹೆಸರಿಟ್ಟವರಿಗೆ ಇದು ಹೊಸ ಸುದ್ದಿಯೇನೂ ಆಗುತ್ತಿರಲಿಲ್ಲ.

ಇದರ ವಿರುದ್ಧ ದಿಕ್ಕಿನ ಉದಾಹರಣೆ ತೊಗರಿ, ಹತ್ತಿ, ದ್ರಾಕ್ಷಿ, ಲಿಂಬೆಗೆ ಎಣ್ಣೆ ಹೊಡೆಯುವವರ ಅನುಭವ. ಕ್ಲೋರ್‌ಪೈರಿಫಾಸ್, ಮಾನೋಕ್ರೋಟೋಫಾಸ್‌ನಂಥ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕ ಮೈಗೆ ತಾಗಿದರೆ ಜೊಲ್ಲು, ಕಣ್ಣೀರು, ಬೆವರು ಒಂದೇ ಸಮನೆ ಸುರಿಯುತ್ತವೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಕೆಲಸ ಮುಗಿದ ಅಸಿಟೈಲ್‌ಕೋಲಿನನ್ನು ಕ್ಷಣಾರ್ಧದಲ್ಲಿ ಒಡೆದು ಬಸಿದುಹಾಕುವ ಕಿಣ್ವವೊಂದಿದೆ. ಕೀಟನಾಶಕ ಆ ಬಸಿಗಾಲುವೆಯನ್ನೇ ಮುಚ್ಚಿಬಿಡುತ್ತದೆ, ಹೊಲದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತದೆ. ಆಗ ಆಸ್ಪತ್ರೆಯಲ್ಲಿ ಕೊಡುವ ಚುಚ್ಚುಮದ್ದು ಯಾವುದು? ಮದಗುಣಕಿಯಲ್ಲೂ ಇರುವ ಅದೇ ಅಟ್ರೋಪಿನ್.

ಆಲ್ಜೈಮರ್ ರೋಗದ ಗುಳಿಗೆಗಳೂ ಇದೇ ಬಸಿಗಾಲುವೆಗೆ ಕೈ ಹಾಕುತ್ತವೆ, ಆದರೆ ಅಳತೆಯಲ್ಲಿ. ತೂಬಿನಿಂದ ನೀರು ಕಡಿಮೆ ಬರುತ್ತಿದ್ದರೆ, ಬಂದಷ್ಟು ನೀರು ಬೇಗ ಬಸಿದುಹೋಗದಂತೆ ಅರ್ಧ ಮಣ್ಣು ಏರಿಸುವುದು. 1993ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಟ್ಯಾಕ್ರಿನ್ ಮೊದಲನೆಯದು. ಯಕೃತ್ತಿಗೆ ತೊಂದರೆ ಕೊಡುತ್ತದೆಂದು ಅದು ಮೂಲೆ ಸೇರಿತು. 1996ರಲ್ಲಿ ಡೊನೆಪೆಝಿಲ್ ಬಂತು. ಆಮೇಲೆ ರಿವಾಸ್ಟಿಗ್ಮಿನ್, ಗ್ಯಾಲಂಟಮಿನ್. ಭಾರತದಲ್ಲಿ ಇವು ಸಿಗುತ್ತವೆ. ಇವುಗಳಿಂದ ಪ್ರಯೋಜನವಿದೆಯೇ ಎಂದರೆ ಇದೆ. ಎಷ್ಟು ಎಂದರೆ ಸ್ವಲ್ಪ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, 70 ಅಂಕಗಳ ಒಂದು ಪರೀಕ್ಷೆಯಲ್ಲಿ ಗುಳಿಗೆ ನುಂಗಿದವರಿಗೂ ನುಂಗದವರಿಗೂ ಇದ್ದ ವ್ಯತ್ಯಾಸ ಸರಾಸರಿ ಮೂರಂಕವನ್ನೂ ಮುಟ್ಟಲಿಲ್ಲ. ಕೆಲವರಲ್ಲಿ ಆರು ತಿಂಗಳು ವರ್ಷ ರೋಗ ನಿಂತಂತೆ ಕಾಣುತ್ತದೆ, ಕೆಲವರಲ್ಲಿ ಏನೂ ಕಾಣುವುದಿಲ್ಲ. ಬಸಿಗಾಲುವೆಗೆ ಎಷ್ಟು ಮಣ್ಣು ಏರಿಸಿದರೂ ತೂಬಿನ ಕೋಶಗಳು ಸಾಯುವುದು ನಿಲ್ಲುವುದಿಲ್ಲವಲ್ಲ. ಸಾವಿರಾರು ರೂಪಾಯಿ ಕೊಟ್ಟು 'ಮುದುಕ ಮೊದಲಿನಂಗ ಆಗ್ತಾನ' ಎಂದು ಕಾಯುವ ಮನೆಯವರಿಗೆ ಇದನ್ನು ಮೊದಲೇ ಹೇಳುವುದು ವೈದ್ಯರ ಧರ್ಮ. ವಾಕರಿಕೆ, ಭೇದಿ ಆಗಬಹುದು, ನಾಡಿ ನಿಧಾನವಾಗಬಹುದು ಎಂಬುದನ್ನೂ ಹೇಳಬೇಕು. ಇನ್ನೊಂದು ಮಾತು: ಗುಳಿಗೆಯೂ ಕೀಟನಾಶಕವೂ ಒಂದೇ ಕಿಣ್ವವನ್ನು ತಡೆಯುವುದರಿಂದ, ಈ ಗುಳಿಗೆ ನುಂಗುವ ಹಿರಿಯರನ್ನು ಎಣ್ಣೆ ಹೊಡೆಯುವ ಹೊಲದಿಂದ ದೂರವಿಡುವುದೇ ಲೇಸು.

ಹಾಗಾದರೆ ಕೋಲಿನರ್ಜಿಕ್ ಕೋಶಗಳ ಸಾವೇ ರೋಗದ ಮೂಲವೇ? 1982ರ ಹೊತ್ತಿಗೆ ಹಲವರು ಹಾಗೆ ನಂಬಿದ್ದರು. ಗುಳಿಗೆಗಳು ನಿರೀಕ್ಷೆಯಷ್ಟು ಫಲ ಕೊಡದಿದ್ದಾಗ ಗಾಳಿ ಅಮಿಲಾಯ್ಡ್ ಕಡೆಗೆ ತಿರುಗಿತು. ಅಮಿಲಾಯ್ಡನ್ನು ತೊಳೆಯುವ ಲೆಕಾನೆಮ್ಯಾಬ್ ಎಂಬ ಚುಚ್ಚುಮದ್ದಿಗೆ 2023ರಲ್ಲಿ ಅಮೆರಿಕ ಪೂರ್ಣ ಒಪ್ಪಿಗೆ ಕೊಟ್ಟಿತು. ಅದೂ ರೋಗವನ್ನು ನಿಧಾನಿಸುತ್ತದೆಯೇ ಹೊರತು ಹಿಂದಿರುಗಿಸುವುದಿಲ್ಲ. ಮಿದುಳು ಬಾತುಕೊಳ್ಳುವ, ರಕ್ತ ಒಸರುವ ಅಪಾಯ ಬೇರೆ. ಈ ನಡುವೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹಳೆಯ ತೂಬಿನತ್ತ ಮತ್ತೆ ಬೆರಳು ಮಾಡಿತು. ವರ್ಷ ಬಿಟ್ಟು ವರ್ಷ ಮಿದುಳಿನ ಚಿತ್ರ ತೆಗೆದು ಅಳೆದಾಗ, ರೋಗದ ಹಾದಿಯಲ್ಲಿದ್ದವರಲ್ಲಿ ಮೈನರ್ಟ್ ಕೇಂದ್ರದ ಪ್ರದೇಶ ಮೊದಲು ಕುಗ್ಗಿ, ನೆನಪಿನ ಭಾಗಗಳು ಆಮೇಲೆ ಕುಗ್ಗಿದ್ದವು. ತೂಬಿನ ಕೋಶಗಳು ಬದುಕಲು ಬೇಕಾದ ಪೋಷಕ ಪ್ರೋಟೀನೊಂದಿದೆ. ಅದನ್ನು ಕಂಡುಹಿಡಿದ ಇಟಲಿಯ ರೀಟಾ ಲೆವಿ-ಮೊಂತಾಲ್ಚಿನಿಗೆ 1986ರಲ್ಲಿ ನೊಬೆಲ್ ಬಂದಿತ್ತು. ಅದನ್ನು ಮಿದುಳಿನೊಳಕ್ಕೆ ಮುಟ್ಟಿಸುವ ಸಾಹಸ 2001ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾಯಿತು. ಅದರಿಂದ ಇನ್ನೂ ಮದ್ದು ಹುಟ್ಟಿಲ್ಲ. ಮೂರು ವಿಕಾರಗಳೂ ಒಂದನ್ನೊಂದು ತಳ್ಳುತ್ತ ಸಾಗುತ್ತವೆ, ಒಂದಕ್ಕೇ ಪಟ್ಟ ಕಟ್ಟುವುದು ತಪ್ಪು ಎಂಬುದು ಈಗಿನ ಒಲವು.

ಮೂಲ ಯಾವುದೇ ಇರಲಿ, ಈ ತಿಳಿವಳಿಕೆಯಿಂದ ಮನೆಯಲ್ಲಿ ಇಂದೇ ಮಾಡಬಹುದಾದ ಒಂದು ಕೆಲಸವಿದೆ. ದೊಡ್ಡ ಔಷಧಗಳ ಗದ್ದಲದಲ್ಲಿ ಅದನ್ನು ಹೇಳುವವರು ಕಡಿಮೆ. ಮದಗುಣಕಿಯ ಗುಣ ಸಣ್ಣ ಪ್ರಮಾಣದಲ್ಲಿರುವ ಗುಳಿಗೆಗಳು ಪ್ರತಿ ಔಷಧದ ಅಂಗಡಿಯಲ್ಲೂ ಇವೆ. ನೆಗಡಿಯ ಗುಳಿಗೆಯಲ್ಲಿರುವ ಕ್ಲೋರ್‌ಫೆನಿರಮೈನ್, ತುರಿಕೆಗೂ ನಿದ್ದೆಗೂ ಕೊಡುವ ಪ್ರೊಮೆಥಜೈನ್, ಹೊಟ್ಟೆನೋವಿನ ಡೈಸೈಕ್ಲೊಮೈನ್, ನರನೋವಿಗೆ ಬರೆಯುವ ಅಮಿಟ್ರಿಪ್ಟಿಲೀನ್, ಕೈನಡುಕದ ಟ್ರೈಹೆಕ್ಸಿಫೆನಿಡಿಲ್, ಪದೇ ಪದೇ ಮೂತ್ರಕ್ಕೆ ಹೋಗುವವರಿಗೆ ಕೊಡುವ ಆಕ್ಸಿಬ್ಯುಟಿನಿನ್ ಇವೆಲ್ಲ ಅಸಿಟೈಲ್‌ಕೋಲಿನನ್ನು ತಡೆಯುವಂಥವು. ನೀರು ತುಂಬಿ ಹರಿಯುವ ತರುಣನಿಗೆ ಇದರಿಂದ ಬಾಯೊಣಗಿದರೆ ಹೆಚ್ಚು. ಮುಕ್ಕಾಲು ತೂಬು ಮುಚ್ಚಿದ ಎಪ್ಪತ್ತೈದರ ಮುದುಕನಿಗೆ ಅದೇ ಗುಳಿಗೆ ರಾತ್ರಿಯೆಲ್ಲ ಬಡಬಡಿಸುವಂತೆ ಮಾಡೀತು. ವಿಚಿತ್ರವೆಂದರೆ, ಡೊನೆಪೆಝಿಲ್‌ನಿಂದ ಮೂತ್ರ ತಡೆಯಲಾಗದೆ ಹೋದಾಗ ಅದಕ್ಕೆಂದು ಇನ್ನೊಬ್ಬ ವೈದ್ಯರಿಂದ ಆಕ್ಸಿಬ್ಯುಟಿನಿನ್ ಬರೆಸಿಕೊಳ್ಳುವವರಿದ್ದಾರೆ. ಒಂದು ಗುಳಿಗೆ ಬಸಿಗಾಲುವೆ ಮುಚ್ಚುತ್ತದೆ, ಇನ್ನೊಂದು ಹೊಲದ ಬಾಯಿಯನ್ನೇ ಮುಚ್ಚುತ್ತದೆ. ಎರಡಕ್ಕೂ ರೊಕ್ಕ ಕೊಡುವವರು ಮನೆಯವರು. ಹಾಗೆಂದು ಇವನ್ನು ತಾವಾಗಿಯೇ ತಟ್ಟನೆ ನಿಲ್ಲಿಸುವುದೂ ಸಲ್ಲದು, ವೈದ್ಯರನ್ನು ಕೇಳಿಯೇ ಬಿಡಿಸಬೇಕು.

ದೇಶದ ಲೆಕ್ಕ ನೋಡಿದರೆ, 60 ದಾಟಿದವರಲ್ಲಿ ನೂರಕ್ಕೆ 7.4 ಜನರಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜು ಮಾಡಿತು. ಆಲ್ಜೈಮರ್ ರೋಗ ಅದರ ಮುಖ್ಯ ಬಗೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಪ್ರಮಾಣ ಹೆಚ್ಚು. ಕರ್ನಾಟಕದಲ್ಲಿ ಇದರ ಬಗ್ಗೆ ಒಳ್ಳೆಯ ಕೆಲಸ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್. ಕೆ. ಶಂಕರ್ ಅವರ ಮುಂದಾಳುತನದಲ್ಲಿ 1995ರಲ್ಲಿ ಮಿದುಳು ಬ್ಯಾಂಕ್ ಆರಂಭವಾಯಿತು. ಆಗಸ್ಟೆ ಡೆಟರಳ ಮಿದುಳಿನಲ್ಲಿ ಆಲ್ಜೈಮರ್ ನೋಡಿದ್ದನ್ನು ಭಾರತೀಯರ ಮಿದುಳಿನಲ್ಲಿ ನೋಡಲು ಅಂಥ ದಾನದ ಮಿದುಳುಗಳೇ ಆಧಾರ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಿಂದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗರನ್ನು, 45 ದಾಟಿದ 10,000 ಜನರನ್ನು ಗುರಿಯಾಗಿಟ್ಟುಕೊಂಡು, ವರ್ಷಗಟ್ಟಲೆ ಹಿಂಬಾಲಿಸಿ ಪರೀಕ್ಷಿಸುವ ಕೆಲಸ ಕೈಗೊಂಡಿದೆ. ಕೃಷ್ಣೆ, ಭೀಮೆಯರ ನಡುವಿನ ಈ ಬಯಲಿಗೂ ಅಂಥದೊಂದು ಅಧ್ಯಯನ ಬಂದರೆ ಒಳ್ಳೆಯದು. ಇಲ್ಲಿನ ಊಟ ಬೇರೆ, ಬಿಸಿಲು ಬೇರೆ, ಹೊಲಕ್ಕೆ ಹೊಡೆಯುವ ಔಷಧದ ಸಂಪರ್ಕ ಬೇರೆ. ಕೀಟನಾಶಕಕ್ಕೂ ಈ ರೋಗಕ್ಕೂ ನಂಟಿರಬಹುದೆಂದು 2010ರಲ್ಲಿ ಅಮೆರಿಕದ ಯೂಟಾ ರಾಜ್ಯದ ಅಧ್ಯಯನವೊಂದು ಸೂಚಿಸಿತ್ತು. ಅದು ನಂಟಷ್ಟೇ, ಕಾರಣವೆಂದು ಸಾಬೀತಾಗಿಲ್ಲ.

ರೋಗವನ್ನು ಗುರುತಿಸುವುದರಲ್ಲೂ ಹಳ್ಳಿಯ ಲೆಕ್ಕ ಬೇರೆ. 'ಇವತ್ತು ಎಷ್ಟನೇ ತಾರೀಖು? ನೂರರಿಂದ ಏಳೇಳು ಕಳೆಯುತ್ತ ಹೋಗಿ' ಎಂಬ ಪರೀಕ್ಷೆ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯನ್ನು ಸುಮ್ಮನೆ ನಪಾಸು ಮಾಡುತ್ತದೆ. ಹರಿಯಾಣದ ಬಲ್ಲಭಗಡದ ಅನಕ್ಷರಸ್ಥ ಹಿರಿಯರಿಗಾಗಿ 1990ರ ದಶಕದಲ್ಲಿ ಹಿಂದಿಯಲ್ಲಿ ಬೇರೆಯೇ ಪ್ರಶ್ನೆಗಳನ್ನು ಹೊಂದಿಸಬೇಕಾಯಿತು. ಇಲ್ಲಿಯೂ ತಾರೀಖಿಗಿಂತ, ಮುಂದೆ ಬರುವುದು ಕಾರಹುಣ್ಣಿಮೆಯೋ ನಾಗರಪಂಚಮಿಯೋ, ಈ ಸಲ ಹೊಲಕ್ಕೆ ಏನು ಬಿತ್ತಿದೆ, ನಿನ್ನೆ ಮನೆಗೆ ಬಂದವರು ಯಾರು ಎಂದು ಕೇಳಿದರೆ ನಿಜ ಹೊರಬೀಳುತ್ತದೆ. ಮಕ್ಕಳು ದುಡಿಯಲು ಪುಣೆ, ಗೋವಾ ಕಡೆಗೆ ಹೋದ ಮನೆಗಳಲ್ಲಿ ಈ ಬದಲಾವಣೆಯನ್ನು ಮೊದಲು ಗಮನಿಸುವವರು ಅಂಗಡಿಕಾರ, ಪಕ್ಕದ ಮನೆಯವರು. ಹಬ್ಬಕ್ಕೆ ಬಂದ ಮಗನಿಗೆ ಅವರು ಹೇಳಿದರೆ ಅದನ್ನು ಚಾಡಿ ಎಂದು ತಳ್ಳಿಹಾಕಬಾರದು.

ತೋರಿಸಲು ಬೆಂಗಳೂರಿಗೇ ಹೋಗಬೇಕೆಂದಿಲ್ಲ. ವಿಜಯಪುರದ ಜಿಲ್ಲಾ ಆಸ್ಪತ್ರೆ, ವೈದ್ಯಕೀಯ ಕಾಲೇಜು ಹತ್ತಿರವಿವೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನು ಮಾಡಿ ಕನ್ನಡದಲ್ಲೇ ಕೇಳಬಹುದು. ಮರೆವೆಲ್ಲ ಆಲ್ಜೈಮರ್ ಅಲ್ಲ. ಥೈರಾಯ್ಡ್ ಕಡಿಮೆಯಾದರೆ, ಬಿ-12 ಜೀವಸತ್ವ ಕೊರತೆಯಾದರೆ, ಬಿದ್ದು ತಲೆಯೊಳಗೆ ರಕ್ತ ಹೆಪ್ಪುಗಟ್ಟಿದರೆ, ಮನಸ್ಸಿಗೆ ಖಿನ್ನತೆ ಹಿಡಿದರೆ ಕೂಡ ಮರೆವು ಬರುತ್ತದೆ, ಮತ್ತು ಇವಕ್ಕೆ ಚಿಕಿತ್ಸೆಯಿದೆ. ವೈದ್ಯರು ಮೊದಲು ಇವನ್ನು ನೋಡುತ್ತಾರೆ. ಹೋಗುವಾಗ ಮನೆಯಲ್ಲಿ ಹಿರಿಯರು ನುಂಗುವ ಗುಳಿಗೆಗಳನ್ನೆಲ್ಲ, ಬಿ.ಪಿ.ಯದು, ಸಕ್ಕರೆಯದು, ನೆಗಡಿಗೆ ಅಂಗಡಿಯಿಂದ ತಂದದ್ದು, ನಿದ್ದೆಗೆಂದು ಯಾರೋ ಕೊಟ್ಟದ್ದು, ಒಂದೂ ಬಿಡದೆ ಚೀಲಕ್ಕೆ ತುಂಬಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯಬೇಕು.